ಗೆದ್ದ ನೆಲ, ಸೋತವರ ಮಾತು

ಹಲವರು ಕೂಡಿ ಸಮಾಜವೊಂದನ್ನು ಕಟ್ಟುವ ರೋಲ್‌ಪ್ಲೇ ಆಟದಲ್ಲಿ ಒಬ್ಬರು ಊರ ಮುಖಂಡರಾಗುತ್ತಾರೆ, ಒಬ್ಬರು ವ್ಯಾಪಾರಿ, ಒಬ್ಬರು ಪೂಜಾರಿ, ಇನ್ನೊಬ್ಬರು ರೈತ. ಮೇಜಿನ ಮೇಲಿನ ನಕ್ಷೆ ಎಲ್ಲರ ಮಾತಿನಿಂದ ಬೆಳೆಯುತ್ತದೆ. ಎಂದೋ ಒಮ್ಮೆ ದಾಳ ಅವರ ಕಡೆಗೆ ಬಿದ್ದು ಪಕ್ಕದ ಕಣಿವೆ ವಶವಾಗುತ್ತದೆ. ಆ ಕಣಿವೆಯ ಕಣಜ ಇನ್ನು ಯಾರದು, ಅಲ್ಲಿನ ದೇವರಿಗೆ ಪೂಜೆ ನಡೆಯಬೇಕೆ, ಅಲ್ಲಿನ ಕಟ್ಟಳೆ ಉಳಿಯಬೇಕೆ? ಇವನ್ನೆಲ್ಲ ತೀರ್ಮಾನಿಸುವವರು ಗೆದ್ದ ಮೇಜಿನವರೇ. ಕಣಿವೆಯವರಾಗಿ ಮಾತಾಡುವವರು ಅಲ್ಲಿ ಯಾರೂ ಇಲ್ಲ. ತೀರ್ಪಿನ ಭಾರ ಹೊರುವವರಿಗೆ ತೀರ್ಪಿನಲ್ಲಿ ಪಾಲಿಲ್ಲದಿದ್ದರೆ, ಅದು ಎಷ್ಟೇ ದಯೆಯದ್ದಾದರೂ ನ್ಯಾಯವಾದೀತೆ? ಧರ್ಮಶಾಸ್ತ್ರ ಮತ್ತು ರಾಜನೀತಿ ಬಹಳ ಹಿಂದಿನಿಂದ ಎದುರಿಸಿದ ಪ್ರಶ್ನೆಯಿದು.

ಕಂಪ್ಯೂಟರ್ ಆಟಗಳ ಉತ್ತರ ಲೆಕ್ಕದ್ದು. 2010ರಲ್ಲಿ ಬಂದ ‘ಸಿವಿಲೈಸೇಷನ್ 5’ರಲ್ಲಿ ನಗರವೊಂದು ಕೈವಶವಾದರೆ ಅದನ್ನು ರಾಜ್ಯಕ್ಕೆ ಸೇರಿಸಿಕೊಳ್ಳಬಹುದು, ಕೈಗೊಂಬೆಯಾಗಿ ಇಟ್ಟುಕೊಳ್ಳಬಹುದು, ಇಲ್ಲವೆ ಸುಟ್ಟು ನೆಲಸಮ ಮಾಡಬಹುದು. ಸೇರಿಸಿಕೊಂಡರೆ ಜನರ ಅಸಮಾಧಾನ ಅಂಕಿಯಾಗಿ ಏರುತ್ತದೆ. ಒಂದು ನ್ಯಾಯಾಲಯ ಕಟ್ಟಿಸಿದರೆ ಆ ಹೆಚ್ಚುವರಿ ಅಸಮಾಧಾನ ಇಳಿಯುತ್ತದೆ. ಇಲ್ಲಿ ಸೋತವರ ನೋವು ಗೆದ್ದವನ ಖಾತೆಯ ಖರ್ಚು ಮಾತ್ರ.

ಕೌಟಿಲ್ಯನ ‘ಅರ್ಥಶಾಸ್ತ್ರ’ವೂ ಗೆದ್ದವನ ಕಡೆಯಿಂದಲೇ ಯೋಚಿಸುತ್ತದೆ, ಆದರೆ ಬಹಳ ಆಳವಾಗಿ. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಈ ಗ್ರಂಥದ ತಾಳೆಗರಿ ಪ್ರತಿ 1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳ ಕೈಸೇರಿ, 1909ರಲ್ಲಿ ಅಚ್ಚಾಯಿತು. ಅದರ 13ನೆಯ ಅಧಿಕರಣದ ಕೊನೆಯ ಅಧ್ಯಾಯದ ಹೆಸರೇ ‘ಲಬ್ಧಪ್ರಶಮನ’, ಅಂದರೆ ದಕ್ಕಿದ ನಾಡನ್ನು ಶಾಂತಗೊಳಿಸುವುದು. ಗೆದ್ದವನು ಆ ನಾಡಿನ ಉಡುಗೆ, ಭಾಷೆ, ನಡಾವಳಿಯನ್ನು ತನ್ನದಾಗಿಸಿಕೊಳ್ಳಬೇಕು, ಅಲ್ಲಿನ ದೇವರು, ಹಬ್ಬ, ಕೂಟಗಳಲ್ಲಿ ಭಕ್ತಿಯಿಂದ ಪಾಲ್ಗೊಳ್ಳಬೇಕು, ಸೆರೆಯಾಳುಗಳನ್ನೆಲ್ಲ ಬಿಡಬೇಕು, ದೀನರಿಗೆ, ಅನಾಥರಿಗೆ, ರೋಗಿಗಳಿಗೆ ನೆರವಾಗಬೇಕು. ಕೊಟ್ಟ ಮಾತು ತಪ್ಪಿದವನನ್ನೂ ಪ್ರಜೆಗಳ ನಡೆಗೆ ವಿರುದ್ಧವಾಗಿ ನಡೆಯುವವನನ್ನೂ ತನ್ನವರೂ ಪರರೂ ನಂಬುವುದಿಲ್ಲ ಎಂಬುದು ಇದಕ್ಕೆ ಕೊಡುವ ಕಾರಣ. ಸೋತವರು ಮನುಷ್ಯರು, ಅವರಿಗೆ ಸಲ್ಲಬೇಕಾದದ್ದು ಸಲ್ಲಲಿ ಎಂಬುದಕ್ಕಿಂತ ನಂಬಿಕೆಯಿಲ್ಲದೆ ಆಳಲಾಗದು ಎಂಬ ಚಿಂತೆ ಇಲ್ಲಿ ಮುಂದಿದೆ. ಅದೇ ಅಧ್ಯಾಯ ತೊಂದರೆ ಕೊಡಬಹುದಾದವರನ್ನು ನೆಲೆ ತಪ್ಪಿಸಿ ಬೇರೆಡೆ ಕೂರಿಸಲೂ ಹೇಳುತ್ತದೆ.

ಮನುಸ್ಮೃತಿಯ 7ನೆಯ ಅಧ್ಯಾಯ ಸೋತವರಿಗೆ ಅಭಯ ಸಾರಬೇಕು, ಅವರ ವಂಶದವನನ್ನೇ ಪಟ್ಟಕ್ಕೇರಿಸಬೇಕು, ಅವರ ಕಟ್ಟಳೆಗಳನ್ನೇ ಪ್ರಮಾಣವೆಂದು ಒಪ್ಪಬೇಕು ಎನ್ನುತ್ತದೆ. ಇದು ಉದಾರವಾದ ಮಾತು. ಆದರೆ ‘ಅವರ ಕಟ್ಟಳೆ’ ಎಂದರೆ ಯಾರ ಕಟ್ಟಳೆ? ಸೋತ ನಾಡಿನಲ್ಲೂ ಮೇಲಿನವರು, ಕೆಳಗಿನವರು ಇದ್ದಾರೆ. ಹಳೆಯ ದೊರೆಯ ಮಗನಿಗೆ ಸಿಂಹಾಸನ ಮರಳಿದರೆ ಅವನ ಜೀತದಾಳಿಗೆ ಮರಳಿದ್ದೇನು? ಅಧರ್ಮದ ಕಟ್ಟಳೆಗಳನ್ನು ತೆಗೆದು ಧರ್ಮದವನ್ನು ಸ್ಥಾಪಿಸಬೇಕೆಂದು ಅರ್ಥಶಾಸ್ತ್ರ ಹೇಳುತ್ತದಾದರೂ, ಯಾವುದು ಅಧರ್ಮವೆಂದು ನಿರ್ಧರಿಸುವವನು ಅಲ್ಲೂ ವಿಜೇತನೇ.

ಈ ಪ್ರಶ್ನೆಯನ್ನು ಪಶ್ಚಾತ್ತಾಪದ ನೆಲೆಗೆ ಒಯ್ದವನು ಅಶೋಕ. ಪಟ್ಟಾಭಿಷೇಕವಾಗಿ 8 ವರ್ಷವಾಗಿದ್ದಾಗ, ಕ್ರಿ.ಪೂ. 261ರ ಸುಮಾರಿಗೆ, ಅವನು ಕಳಿಂಗವನ್ನು ಗೆದ್ದ. ಒಂದೂವರೆ ಲಕ್ಷ ಜನರನ್ನು ಸಾಗಿಸಲಾಯಿತು, ಒಂದು ಲಕ್ಷ ಜನ ಹತರಾದರು, ಅದರ ಹಲವು ಪಟ್ಟು ಸತ್ತರು ಎಂದು ಅವನ 13ನೆಯ ಬಂಡೆಶಾಸನವೇ ಹೇಳುತ್ತದೆ. ಗೆದ್ದ ಅರಸನೊಬ್ಬ ತನ್ನ ಗೆಲುವಿನ ಲೆಕ್ಕವನ್ನು ಹೀಗೆ ದುಃಖದಿಂದ ಕಲ್ಲಿನಲ್ಲಿ ಕೊರೆಸಿದ್ದು ಲೋಕದ ಇತಿಹಾಸದಲ್ಲಿ ತೀರ ಅಪರೂಪ. ಅದರ ಬೆಲೆಯನ್ನು ಕಡಿಮೆ ಮಾಡುವಂತಿಲ್ಲ. ಆದರೂ ಎರಡು ಸಂಗತಿಗಳು ಉಳಿಯುತ್ತವೆ. ಸಾಗಿಸಿದವರನ್ನು ಮರಳಿ ಕಳಿಸುವ ಮಾತಾಗಲಿ, ನಾಡನ್ನು ಬಿಟ್ಟುಕೊಡುವ ಮಾತಾಗಲಿ ಶಾಸನದಲ್ಲಿಲ್ಲ. ಎರಡನೆಯದು, ಗಿರ್ನಾರ್, ಶಾಹಬಾಜ್‌ಗಢಿಗಳಲ್ಲಿ ಓದಸಿಗುವ ಈ ಶಾಸನ ಕಳಿಂಗದ ಧೌಲಿ, ಜೌಗಡಗಳಲ್ಲಿ ಇಲ್ಲವೇ ಇಲ್ಲ. ಅಲ್ಲಿ ಅದರ ಬದಲು ಎರಡು ಪ್ರತ್ಯೇಕ ಶಾಸನಗಳಿವೆ. ಪ್ರಜೆಗಳೆಲ್ಲ ತನಗೆ ಮಕ್ಕಳ ಸಮಾನ ಎನ್ನುವ ಅರಸ, ಕಾರಣವಿಲ್ಲದೆ ಯಾರನ್ನೂ ಸೆರೆಗೆ ತಳ್ಳಬಾರದು, ಹಿಂಸಿಸಬಾರದು ಎಂದು ತೋಸಲಿ, ಸಮಾಪ ನಗರಗಳ ಮಹಾಮಾತ್ರರೆಂಬ ಅಧಿಕಾರಿಗಳನ್ನು ಎಚ್ಚರಿಸುತ್ತಾನೆ. ತಿಷ್ಯ ನಕ್ಷತ್ರದ ದಿನ ಇದನ್ನು ಓದಿ ಕೇಳಿಸಬೇಕು, ಒಬ್ಬನೇ ಇದ್ದರೂ ಕೇಳಿಸಬೇಕು ಎನ್ನುತ್ತಾನೆ. ಇದೇ ಪ್ರತ್ಯೇಕ ಶಾಸನಗಳು ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ, ಗುಡಿಯೊಂದರಲ್ಲಿ ದೇವಿಯ ಪೀಠವಾಗಿ ಬಳಕೆಯಾಗಿದ್ದ ಕಲ್ಲಿನ ಮೇಲೆ ದೊರೆತಿವೆ. ಸತ್ತವರ ಲೆಕ್ಕವನ್ನು ಸತ್ತವರ ನಾಡಿನಲ್ಲೇ ಬರೆಸದಿದ್ದುದು ಸೂಕ್ಷ್ಮತೆಯೋ ರಾಜತಂತ್ರವೋ, ಹೇಗೂ ಓದಬಹುದು. ಹೇಗೆ ಓದಿದರೂ ಮಾತು ಅರಸನದು. ತಂದೆಯ ಮಮತೆಯಲ್ಲಿ ಕಾಳಜಿ ಇದೆ, ಆದರೆ ಮಕ್ಕಳೆನಿಸಿಕೊಂಡವರನ್ನು ಯಾರೂ ಕೇಳಿಲ್ಲ.

ಕಳಿಂಗದ ಕಡೆಯ ಮಾತು ಕೇಳುವುದು ಬಹಳ ತಡವಾಗಿ, ಅದೂ ಇನ್ನೊಬ್ಬ ಅರಸನ ಬಾಯಲ್ಲಿ. ಭುವನೇಶ್ವರದ ಬಳಿಯ ಉದಯಗಿರಿಯ ಹಾಥಿಗುಂಫಾ ಶಾಸನದಲ್ಲಿ, ನಂದರಾಜ ಒಯ್ದಿದ್ದ ಕಳಿಂಗದ ಜಿನನ ವಿಗ್ರಹವನ್ನು ಅಲ್ಲಿನ ಅರಸ ಖಾರವೇಲ ಮಗಧದಿಂದ ಮರಳಿ ತಂದನೆಂದು ಓದಲಾಗಿದೆ. ಅಶೋಕನ ಹೆಸರು ಅದರಲ್ಲಿಲ್ಲ. ಅವನ ಪಶ್ಚಾತ್ತಾಪ ನೆನಪಾಗಿ ನಿಲ್ಲದ ಕಡೆ, ಕಳೆದುಹೋದ ದೇವರು ತಲೆಮಾರುಗಳನ್ನು ದಾಟಿ ನೆನಪಿನಲ್ಲಿ ನಿಂತ.

ಇತಿಹಾಸಕ್ಕೆ ಆಗದ ಒಂದು ಕೆಲಸ ಆಟಕ್ಕೆ ಸಾಧ್ಯ: ಸೋತವರಿಗೆ ಮೇಜಿನಲ್ಲಿ ಒಂದು ಕುರ್ಚಿ ಹಾಕುವುದು. ಆಟಗಾರರಲ್ಲಿ ಒಬ್ಬರು ಮುಖಂಡನ ಪಾತ್ರ ಬಿಟ್ಟು ಕಣಿವೆಯ ವಿಧವೆಯಾಗಬಹುದು, ಕಣಜ ಕಳೆದುಕೊಂಡ ರೈತನಾಗಬಹುದು. ಯಾರು ಗೆಲ್ಲುವರೆಂದು ಗೊತ್ತಾಗುವ ಮೊದಲೇ ಗೆದ್ದ ನೆಲದ ನಿಯಮಗಳನ್ನು ಮಾಡಿಕೊಂಡರೆ ಇನ್ನೂ ಒಳ್ಳೆಯದು. ತನ್ನ ಸ್ಥಾನ ಯಾವುದೆಂದು ತಿಳಿಯದೆ ಆರಿಸಿದ ನಿಯಮವೇ ನ್ಯಾಯವಾದದ್ದು ಎಂದು 1971ರ ‘ಎ ಥಿಯರಿ ಆಫ್ ಜಸ್ಟಿಸ್’ನಲ್ಲಿ ಜಾನ್ ರಾಲ್ಸ್ ಊಹೆಯಾಗಿ ಮುಂದಿಟ್ಟದ್ದನ್ನು ಆಟದ ಮೇಜು ನಿಜವಾಗಿಯೇ ಮಾಡಿ ನೋಡಬಲ್ಲದು. ಏವರಿ ಆಲ್ಡರ್ ರೂಪಿಸಿದ ‘ದ ಕ್ವಯಟ್ ಇಯರ್’ ಎಂಬ ನಕ್ಷೆಯ ಆಟದಲ್ಲಿ, ತೀರ್ಮಾನದಲ್ಲಿ ತಮ್ಮನ್ನು ಕೇಳಲಿಲ್ಲವೆಂದು ಅನ್ನಿಸಿದವರು ತಿರಸ್ಕಾರದ ಬಿಲ್ಲೆಯೊಂದನ್ನು ತಮ್ಮ ಮುಂದೆ ಇಟ್ಟುಕೊಳ್ಳುತ್ತಾರೆ. ಆ ಬಿಲ್ಲೆ ಎಲ್ಲರ ಕಣ್ಣೆದುರೇ ಇರುತ್ತದೆ.

ಆ ಕುರ್ಚಿಗೆ ಬೇಡವೆನ್ನುವ ಅಧಿಕಾರವೂ ಇರಬೇಕು. ಕೊಟ್ಟ ಅಭಯವನ್ನು ನಿರಾಕರಿಸಲು, ಬೆರೆಯದೆ ಉಳಿಯಲು, ಒಯ್ದದ್ದನ್ನು ಮರಳಿ ಕೇಳಲು ಬಾರದಿದ್ದರೆ ಅದು ಗೆದ್ದವರ ಔದಾರ್ಯದ ಇನ್ನೊಂದು ಅಲಂಕಾರವಷ್ಟೇ. ಕಣಿವೆಯಿಂದ ಸಾಗಿಸಲ್ಪಟ್ಟವರು ನಕ್ಷೆಯಲ್ಲಿ ಎಲ್ಲಿ ನೆಲೆಸಿದರೆಂಬುದನ್ನೂ ಆ ಕುರ್ಚಿಯಲ್ಲಿ ಕೂತವರ ಕೈಯೇ ಗುರುತಿಸಬೇಕಾಗುತ್ತದೆ. ಕಳಿಂಗದ ಆ ಒಂದೂವರೆ ಲಕ್ಷ ಜನ ಹೋಗಿ ಸೇರಿದ ಊರುಗಳ ಹೆಸರನ್ನು 13ನೆಯ ಶಾಸನ ಹೇಳುವುದಿಲ್ಲ.