ಯೋಗ ಆಯ್ತು, ಕ್ಷೇಮದ ಕತೆ ಏನು?

ತೂಕ ಇಳಿಸಿದೋರಿಗೆ ನಮ್ಮಲ್ಲಿ ಚಪ್ಪಾಳೆಗೇನೂ ಬರ ಇಲ್ಲ. ಆಫೀಸಿನ ಲಿಫ್ಟಲ್ಲಿ ಸಿಕ್ಕೋರು "ಏನ್ ಗುರು, ಅರ್ಧ ಆಗಿದೀಯ!" ಅಂತಾರೆ. ಮದುವೆ ಮನೇಲಿ ದೂರದ ಅತ್ತೆ ಒಬ್ಬರು "ಏನೋ ಇಷ್ಟು ಸೊರಗಿದೀಯ, ಬೆಂಗಳೂರಲ್ಲಿ ಊಟ ಸರಿ ಇಲ್ವಾ?" ಅಂತ ಕೇಳೋದೂ ಒಂಥರ ಸರ್ಟಿಫಿಕೇಟೇ. ಹಳೇ ಫೋಟೋ, ಹೊಸ ಫೋಟೋ ಪಕ್ಕಪಕ್ಕ ಇಟ್ಟು ಹಾಕಿದ್ರೆ ಲೈಕುಗಳ ಸುರಿಮಳೆ. ಒಂದು ವರ್ಷ ಕಳೆದ ಮೇಲೆ? ನೀವು ಅದೇ ತೂಕದಲ್ಲಿ ಇದೀರ. ಇವತ್ತು ಫೋಟೋ ತೆಗೆದ್ರೆ ಹೋದ ವರ್ಷದ ಥರಾನೇ ಬರುತ್ತೆ. ಯಾರೂ ಏನೂ ಅನ್ನಲ್ಲ. ಅನ್ನೋಕೆ ಏನಿದೆ, ಏನೂ ಆಗಿಲ್ವಲ್ಲ!

ಆದ್ರೆ ಆ ಏನೂ ಆಗದ ಹಾಗೆ ನೋಡಿಕೊಳ್ಳೋದೇ ಒಂದು ಕೆಲಸ ಅಂತ ಅದನ್ನ ಮಾಡೋರಿಗೆ ಮಾತ್ರ ಗೊತ್ತು. ನಾನು 14 ಕಿಲೋ ಇಳಿಸಿ ಈಗ ಮೂರನೇ ವರ್ಷ ನಡೀತಿದೆ. ಇಳಿಸೋಕೆ ಹಿಡಿದಿದ್ದು ಹತ್ತು ತಿಂಗಳು. ಆ ಹತ್ತು ತಿಂಗಳಲ್ಲಿ ಪ್ರತಿ ವಾರ ಒಂದು ಹೊಸ ಸಂಖ್ಯೆ, ಒಂದು ಸಣ್ಣ ಖುಷಿ ಇತ್ತು. ಈಗ ಬೆಳಗಿನ ವಾಕಿಂಗೂ ಅದೇ, ತಟ್ಟೆಯ ಲೆಕ್ಕವೂ ಅದೇ. ಬಹುಮಾನ ಏನಪ್ಪಾ ಅಂದ್ರೆ, ಹೋದ ವಾರ ಇದ್ದ ಸಂಖ್ಯೆಯೇ ಈ ವಾರವೂ.

ಹಾಗಾಗಿ ಒಂದು ಪ್ರಶ್ನೆ ನನ್ನ ಬಿಡ್ತಾ ಇಲ್ಲ. ತೂಕ ಉಳಿಸಿಕೊಂಡೋರು ಗಟ್ಟಿ ಮನಸ್ಸಿನವರು, ಮತ್ತೆ ದಪ್ಪ ಆದೋರು ಸಡಿಲ ಮನಸ್ಸಿನವರು ಅಂತ ನಾವು ಎಷ್ಟು ಸಲೀಸಾಗಿ ತೀರ್ಪು ಕೊಡ್ತೀವಿ. ಆ ತೀರ್ಪು ನ್ಯಾಯವಾದದ್ದಾ?

ಮೊದಲು ದೇಹದ ಲೆಕ್ಕ ನೋಡೋಣ. ದೇಹಕ್ಕೆ ನಮ್ಮ ಗುರಿ ಗೊತ್ತಿಲ್ಲ. ಕೊಬ್ಬು ಕರಗಿದ್ರೆ ಅದರ ಪಾಲಿಗೆ ಬರಗಾಲ ಬಂತು ಅಂತಲೇ ಅರ್ಥ. ಕೊಬ್ಬಿನ ಕೋಶಗಳಿಂದ ಬಂದು ಮೆದುಳಿಗೆ 'ದಾಸ್ತಾನು ಸಾಕಷ್ಟಿದೆ' ಅಂತ ಹೇಳೋ ಲೆಪ್ಟಿನ್ ಅನ್ನೋ ಹಾರ್ಮೋನು ಕಮ್ಮಿ ಆಗುತ್ತೆ. ಹಸಿವು ಎಬ್ಬಿಸೋ ಗ್ರೆಲಿನ್ ಜಾಸ್ತಿ ಆಗುತ್ತೆ. 2011ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಅಧ್ಯಯನಕ್ಕೆ 50 ಜನರನ್ನ ಸೇರಿಸಿಕೊಂಡು 10 ವಾರ ಕಟ್ಟುನಿಟ್ಟಿನ ಪಥ್ಯ ಮಾಡಿಸಿದ್ರು. ಒಂದು ವರ್ಷ ಆದ ಮೇಲೆ ಮತ್ತೆ ರಕ್ತ ಪರೀಕ್ಷೆ ಮಾಡಿದಾಗ, ಈ ಹಾರ್ಮೋನುಗಳು ಇನ್ನೂ ಹಳೇ ಮಟ್ಟಕ್ಕೆ ಬಂದಿರಲಿಲ್ಲ. ಅವರಿಗೆ ಆಗ್ತಿದ್ದ ಹಸಿವೂ ಮೊದಲಿಗಿಂತ ಜಾಸ್ತಿಯೇ ಇತ್ತು.

ಇನ್ನೊಂದು ಉದಾಹರಣೆ ಇದಕ್ಕಿಂತ ಖಾರ. ಅಮೆರಿಕದ 'ದಿ ಬಿಗ್ಗೆಸ್ಟ್ ಲೂಸರ್' ಅನ್ನೋ ಟೀವಿ ಸ್ಪರ್ಧೆ ನಿಮಗೂ ಗೊತ್ತಿರಬಹುದು. ಅದರಲ್ಲಿ ಭಾಗವಹಿಸಿದ್ದ 14 ಜನರನ್ನ ಆರು ವರ್ಷ ಆದ ಮೇಲೆ ಕೆವಿನ್ ಹಾಲ್ ಮತ್ತು ಸಂಗಡಿಗರು ಮತ್ತೆ ಪರೀಕ್ಷೆ ಮಾಡಿದ್ರು. 2016ರಲ್ಲಿ ಅದರ ಫಲಿತಾಂಶ ಬಂತು. ಸ್ಪರ್ಧೆಯಲ್ಲಿ ಸರಾಸರಿ 58 ಕಿಲೋ ಇಳಿಸಿದ್ದೋರು ಸರಾಸರಿ 41 ಕಿಲೋ ವಾಪಸ್ ಪಡೆದಿದ್ರು. ಅದಕ್ಕಿಂತ ಮುಖ್ಯವಾದ ಸಂಗತಿ ಬೇರೆ ಇದೆ. ಸುಮ್ಮನೆ ಮಲಗಿದ್ದಾಗಲೂ ದೇಹ ಸುಡುತ್ತಲ್ಲ ಆ ಕ್ಯಾಲೊರಿ, ಅದು ಅವರ ಮೈಗಾತ್ರಕ್ಕೆ ಇರಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 500 ಕಮ್ಮಿ ಇತ್ತು. ಅದು ವಿಪರೀತದ ಕೇಸು. ನಮ್ಮ ನಿಮ್ಮ ವಿಷಯದಲ್ಲಿ ಅಷ್ಟು ದೊಡ್ಡ ವ್ಯತ್ಯಾಸ ಇರಲಿಕ್ಕಿಲ್ಲ. ಆದ್ರೆ ದಿಕ್ಕು ಅದೇ.

ಇದರ ಅರ್ಥ ಏನು ಅಂತ ಸ್ವಲ್ಪ ಯೋಚನೆ ಮಾಡಿ. ಒಂದೇ ವಯಸ್ಸು, ಒಂದೇ ಎತ್ತರ, ಇಬ್ಬರದೂ 72 ಕಿಲೋ. ಒಬ್ಬ ಯಾವಾಗಲೂ 72. ಇನ್ನೊಬ್ಬ 95ರಿಂದ ಇಳಿದು ಬಂದೋನು. ತೂಕದ ಮಷೀನಿಗೆ ಇಬ್ಬರೂ ಒಂದೇ. ಆದ್ರೆ ಮೊದಲನೆಯವನು ಹೊಟ್ಟೆ ತುಂಬ ತಿಂದು ಅಲ್ಲಿರ್ತಾನೆ. ಎರಡನೆಯವನು ಅಲ್ಲೇ ಇರಬೇಕಾದ್ರೆ ಅವನಿಗಿಂತ ಕಮ್ಮಿ ತಿನ್ನಬೇಕು, ಅವನಿಗಿಂತ ಜಾಸ್ತಿ ಹಸಿವು ತಡ್ಕೋಬೇಕು. ಇಬ್ಬರೂ ಎರಡು ಕಿಲೋ ಏರಿದ್ರೆ ಮೊದಲನೆಯವನಿಗೆ "ಹಬ್ಬ ಜೋರಾ?" ಅಂತೀವಿ. ಎರಡನೆಯವನಿಗೆ "ಮತ್ತೆ ಶುರು ಆಯ್ತಾ?" ಅಂತೀವಿ. ಜಾಸ್ತಿ ಕಷ್ಟ ಪಟ್ಟೋನಿಗೇ ಜಾಸ್ತಿ ಬೈಗುಳ. ಇದು ಯಾವ ನ್ಯಾಯ?

ಹಾಗಂದ್ರೆ ಎಲ್ಲ ಹಾರ್ಮೋನಿನ ಕೈಲಿ, ನಾವೇನೂ ಮಾಡೋಕಾಗಲ್ಲ ಅಂತಾನಾ? ಅದೂ ಸುಲಭದ ಉತ್ತರವೇ. ಅಮೆರಿಕದಲ್ಲೇ 1994ರಿಂದ 'ನ್ಯಾಷನಲ್ ವೇಟ್ ಕಂಟ್ರೋಲ್ ರಿಜಿಸ್ಟ್ರಿ' ಅಂತ ಒಂದಿದೆ. ಕನಿಷ್ಠ 13.6 ಕಿಲೋ ಇಳಿಸಿ ಒಂದು ವರ್ಷವಾದ್ರೂ ಉಳಿಸಿಕೊಂಡೋರು ಅದಕ್ಕೆ ಸೇರ್ತಾರೆ. ಹತ್ತು ಸಾವಿರಕ್ಕೂ ಜಾಸ್ತಿ ಜನ ಸೇರಿದ್ದಾರೆ. ಅವರು ಮಾಡೋದು ಏನು ಅಂತ ನೋಡಿದ್ರೆ ಬೇಜಾರಾಗುವಷ್ಟು ಸಾಮಾನ್ಯ: ಹೆಚ್ಚಿನವರು ದಿನಾ ತಿಂಡಿ ತಿಂತಾರೆ, ವಾರಕ್ಕೊಂದು ಸಲವಾದ್ರೂ ತೂಕ ನೋಡಿಕೊಳ್ತಾರೆ, ದಿನಕ್ಕೆ ಸುಮಾರು ಒಂದು ಗಂಟೆ ಮೈ ಆಡಿಸ್ತಾರೆ, ಟೀವಿ ಕಮ್ಮಿ ನೋಡ್ತಾರೆ. ಎರಡರಿಂದ ಐದು ವರ್ಷ ದಾಟಿದ್ರೆ ಮುಂದೆಯೂ ಉಳಿಯೋ ಸಾಧ್ಯತೆ ಚೆನ್ನಾಗಿರುತ್ತೆ. ಅಂದ್ರೆ ಆಗದ ಕೆಲಸ ಅಲ್ಲ. ಆದ್ರೆ ಇದೂ ನೆನಪಿರಲಿ: ಆ ಪಟ್ಟಿಯಲ್ಲಿ ಇರೋರು ಗೆದ್ದೋರು ಮಾತ್ರ. ಇದೇ ಎಲ್ಲ ಮಾಡಿಯೂ ಸೋತೋರ ಹೆಸರು ಅಲ್ಲಿರಲ್ಲ.

ಇಲ್ಲಿ ಹೊಣೆ ಮತ್ತು ತಪ್ಪು ಅನ್ನೋ ಎರಡು ಮಾತನ್ನ ನಾವು ಕಲಸಿಬಿಟ್ಟಿದೀವಿ ಅನ್ನಿಸುತ್ತೆ. ಅಪ್ಪನಿಗೆ ಶುಗರ್ ಇದೆ ಅಂದ್ಕೊಳ್ಳಿ. ಮಾತ್ರೆ ತಗೊಳ್ಳೋದು, ವಾಕ್ ಹೋಗೋದು, ಸಿಹಿ ಮುಂದೆ ಬಂದಾಗ ಬೇಡ ಅನ್ನೋದು ಅವರ ಹೊಣೆ. ಅವರ ಪರವಾಗಿ ಬೇರೆ ಯಾರೂ ಅದನ್ನ ಮಾಡೋಕಾಗಲ್ಲ. ಹಾಗಂತ ಮೂರು ತಿಂಗಳ ರಿಪೋರ್ಟಿನಲ್ಲಿ ಸಂಖ್ಯೆ ಏರಿದ್ರೆ "ನಿಮಗೆ ಮನಸ್ಸಿಲ್ಲ, ಅದಕ್ಕೇ ಹೀಗೆ" ಅಂತ ಹೇಳ್ತೀವಾ? ಡಾಕ್ಟರು ಡೋಸು ಬದಲಾಯಿಸ್ತಾರೆ, ನಾವು ಅನ್ನ ಕಮ್ಮಿ ಬಡಿಸ್ತೀವಿ. ಮುಂದಿನ ಸಲ ನೋಡೋಣ ಅಂತೀವಿ. ಹೊಣೆ ಅನ್ನೋದು ನಾಳೆ ಏನು ಮಾಡ್ಬೇಕು ಅಂತ ಕೇಳುತ್ತೆ. ತಪ್ಪು ಅನ್ನೋದು ನಿನ್ನೆ ಯಾರಿಂದ ಹಾಳಾಯ್ತು ಅಂತ ಹುಡುಕುತ್ತೆ. ತೂಕದ ವಿಷಯಕ್ಕೆ ಬಂದ್ರೆ ಮಾತ್ರ ನಾವು ಎರಡನೆಯದನ್ನೇ ಹಿಡ್ಕೊಳ್ತೀವಿ.

ನಮ್ಮ ಭಾಷೇಲಿ ಇದಕ್ಕೆ ಒಳ್ಳೆ ಪದ ಇದೆ, ನಾವೇ ಅದನ್ನ ಸವೆಸಿಬಿಟ್ಟಿದೀವಿ. ಯೋಗಕ್ಷೇಮ. ಅಜ್ಜ ಬರೀತಿದ್ದ ಇನ್‌ಲ್ಯಾಂಡ್ ಲೆಟರಿನಲ್ಲಿ ತಪ್ಪದೆ ಇರ್ತಿತ್ತು. ಎಲ್ಐಸಿ ಲಾಂಛನದಲ್ಲಿ ಈಗಲೂ ಇದೆ. ಗೀತೆಯಿಂದ ಬಂದ ಮಾತು. ಶಂಕರಾಚಾರ್ಯರು ತಮ್ಮ ಭಾಷ್ಯದಲ್ಲಿ ಇದನ್ನ ಎರಡಾಗಿ ಬಿಡಿಸ್ತಾರೆ: ಇಲ್ಲದ್ದನ್ನ ಪಡೆಯೋದು ಯೋಗ, ಪಡೆದದ್ದನ್ನ ಕಾಪಾಡೋದು ಕ್ಷೇಮ. ಎರಡೂ ಸೇರಿದ್ರೇ ಆ ಪದ ಪೂರ್ತಿ. ಗೀತೆಯಲ್ಲಿ ಭಕ್ತರಿಗಾಗಿ ದೇವರು ಈ ಎರಡನ್ನೂ ಹೊರ್ತೀನಿ ಅಂತಾನೆ. ಅಂದ್ರೆ ಕಾಪಾಡೋದು ಕೂಡ ಹೊರಬೇಕಾದ ಭಾರವೇ. ನಾವು ಯೋಗಕ್ಕೆ ಮೆಡಲ್ ಕೊಡ್ತೀವಿ, ಕ್ಷೇಮವನ್ನ ಪತ್ರದ ಮೊದಲ ಸಾಲಿಗೆ ಬಿಟ್ಟುಬಿಟ್ಟಿದೀವಿ.

ನಮ್ಮ ಹಿಂದಿನೋರಿಗೆ ಇದು ಚೆನ್ನಾಗಿ ಗೊತ್ತಿತ್ತು. ಕೆರೆ ಕಟ್ಟಿಸಿದ ಶಾಸನಗಳಲ್ಲಿ 'ಬಿತ್ತುವಟ್ಟ' ಅನ್ನೋ ಮಾತು ಬರುತ್ತೆ. ಕೆರೆಯ ನಿರ್ವಹಣೆಗೆ ಅಂತ ಬಿಟ್ಟ ದತ್ತಿ ಅದು. ಏರಿ ಕಟ್ಟಿ ನೀರು ನಿಂತ ದಿನ ಕೆಲಸ ಮುಗೀತು ಅಂತ ಅವರು ಅಂದುಕೊಳ್ಳಲಿಲ್ಲ. ಮಳೆ ಬಂದಾಗೆಲ್ಲ ಹೂಳು ಬರುತ್ತೆ, ಹೂಳು ಬಂದಾಗೆಲ್ಲ ಎತ್ತಬೇಕು, ಅದಕ್ಕೆ ಖರ್ಚು ಎಲ್ಲಿಂದ ಅಂತ ಮೊದಲೇ ಯೋಚನೆ ಮಾಡಿದ್ರು. ಹೂಳು ತುಂಬೋದು ಕೆರೆಯ ಅಪರಾಧ ಅಂತ ಯಾರೂ ಹೇಳ್ತಿರಲಿಲ್ಲ.

ನಮ್ಮ ಗುರಿಗಳಲ್ಲಿ ಇಲ್ಲದೇ ಇರೋದು ಈ ಬಿತ್ತುವಟ್ಟ. ಗೃಹಸಾಲಕ್ಕೆ ಅಲೆದಿರೋರಿಗೆ ಅರ್ಥ ಆಗೋ ಹಾಗೆ ಹೇಳೋದಾದ್ರೆ, ತೂಕ ಇಳಿಸೋದು ಡೌನ್ ಪೇಮೆಂಟ್. ಉಳಿಸಿಕೊಳ್ಳೋದು ಇಎಂಐ, ಅದೂ ಕೊನೇ ಕಂತು ಅಂತ ಇಲ್ಲದ ಇಎಂಐ. ಬ್ಯಾಂಕಿನೋರು ಸಾಲ ಕೊಡೋ ಮೊದಲು ಸಂಬಳದ ಸ್ಲಿಪ್ ನೋಡ್ತಾರೆ, ತಿಂಗಳು ತಿಂಗಳು ಕಟ್ಟೋ ತಾಕತ್ತು ಇದೆಯಾ ಅಂತ ಲೆಕ್ಕ ಹಾಕ್ತಾರೆ. ನಾವು ಟಾರ್ಗೆಟ್ ವೇಟ್ ಹಾಕ್ಕೊಳ್ಳುವಾಗ ಈ ಲೆಕ್ಕ ಮಾಡ್ತೀವಾ? ಜನವರಿ ಒಂದನೇ ತಾರೀಕು, ಹೊಸ ಶೂ, ಹುಮ್ಮಸ್ಸು ತುಂಬಿ ತುಳುಕ್ತಾ ಇರುವಾಗ 65 ಅಂತ ಬರೆದುಬಿಡ್ತೀವಿ. ಆ ಕಂತು ಕಟ್ಟಬೇಕಾದೋನು ಬೇರೆಯೇ ಒಬ್ಬ. ರಿಲೀಸ್ ವಾರದಲ್ಲಿ ರಾತ್ರಿ ಹನ್ನೊಂದಕ್ಕೆ ಕಾಲ್ ಮುಗಿಸಿ, ಹಸ್ಕೊಂಡು ಡೆಲಿವರಿ ಆ್ಯಪ್ ತೆರೆಯೋನು. ಸಿಲ್ಕ್ ಬೋರ್ಡಲ್ಲಿ ಒಂದೂವರೆ ಗಂಟೆ ಕೂತು ಮನೆಗೆ ಬರೋನು. ಮುಂದೆ ಮಗು ಆದ ಮೇಲೆ ನಿದ್ದೆ ಇಲ್ಲದೆ ಓಡಾಡೋನು. ಅವನ ಹೆಸರಲ್ಲಿ ನಾವು ಮಾತು ಕೊಡ್ತಿದೀವಿ. ಬೇರೆಯೋರ ಹೆಸರಲ್ಲಿ ಮಾತು ಕೊಡುವಾಗ ಇರಬೇಕಾದ ಎಚ್ಚರ, ಸ್ವಲ್ಪ ದಯೆ, ಇಲ್ಲೂ ಇರಬೇಕು ಅನ್ನೋದು ನನ್ನ ವಾದ.

ದಯೆ ಅಂದ್ರೆ ಗುರಿಯೇ ಬೇಡ ಅಂತಲ್ಲ. ನಮ್ಮ ಮೈಕಟ್ಟಿಗೆ ಸಕ್ಕರೆ ಕಾಯಿಲೆ ಬೇಗ ಅಂಟುತ್ತೆ ಅಂತಲೇ ನಮ್ಮ ದೇಶದಲ್ಲಿ ಬಿಎಂಐ 23 ದಾಟಿದ್ರೆ ಜಾಸ್ತಿ ತೂಕ ಅಂತ ಲೆಕ್ಕ, ಬೇರೆ ಕಡೆ ಅದು 25. ಹಾಗಾಗಿ ಇದು ಬರೀ ಫೋಟೋದ ವಿಷಯ ಅಲ್ಲ. ಆದ್ರೆ ಇದ್ದ ತೂಕದಲ್ಲಿ ಶೇಕಡ 5ರಿಂದ 10ರಷ್ಟು ಇಳಿದ್ರೂ ಸಕ್ಕರೆ, ಬಿಪಿ ಸುಧಾರಿಸುತ್ತೆ. 90 ಕಿಲೋ ಇರೋನಿಗೆ ಅದು 81 ಅಥವಾ 85. ಕನ್ನಡಿಗೆ ಸಾಲದೇ ಇರಬಹುದು, ದೇಹಕ್ಕೆ ಲಾಭವೇ. ಕೊನೇ ಐದು ಕಿಲೋಗಾಗಿ ಇಡೀ ಬದುಕು ಕಾವಲು ಕಾಯೋದಾದ್ರೆ, ಸ್ನೇಹಿತರ ಜೊತೆ ಬೆಣ್ಣೆ ದೋಸೆಗೆ ಹೋಗೋಕೂ ಹೆದರಿಕೆ ಆಗೋದಾದ್ರೆ, ಆ ಐದು ಕಿಲೋ ಯಾರಿಗೋಸ್ಕರ ಅಂತ ಕೇಳಿಕೊಳ್ಳಬೇಕು. ಉಳಿಸಿಕೊಳ್ಳೋದಕ್ಕೂ ಒಂದು ಮಿತಿ ಬೇಕು. ಕಾಯೋ ಕೆಲಸವೇ ಬದುಕನ್ನ ತಿಂದುಹಾಕಿದ್ರೆ ಅದನ್ನ ಕ್ಷೇಮ ಅಂತ ಹೇಗೆ ಕರೆಯೋದು?

ಈಗ ಇಂಜೆಕ್ಷನ್ ಬಂದಿದೆ. 2025ರಲ್ಲಿ ಮೌಂಜಾರೊ, ವೆಗೊವಿ ಎರಡೂ ಭಾರತದ ಮಾರುಕಟ್ಟೆಗೆ ಬಂದವು. "ಅದು ಮೋಸ, ಕಷ್ಟ ಪಡದೆ ಇಳಿಸೋದು" ಅಂತ ಜಿಮ್ಮಿನಲ್ಲಿ ಮಾತಾಡೋದು ಕೇಳಿದೀನಿ. ಯಾವ ಪರೀಕ್ಷೇಲಿ ಮೋಸ? ಹಸಿವಿನ ಹಾರ್ಮೋನಿನ ಜೊತೆ ಒಬ್ಬೊಬ್ಬರೇ ಗುದ್ದಾಡಬೇಕು ಅನ್ನೋ ನಿಯಮ ಯಾರು ಮಾಡಿದ್ದು? ಡಾಕ್ಟರ ಸಲಹೆ ಮೇರೆಗೆ ತಗೊಳ್ಳೋರಿಗೆ ಅದು ಬಿಪಿ ಮಾತ್ರೆ ಇದ್ದ ಹಾಗೆ. ಆದ್ರೆ ಅಲ್ಲೂ ಇಎಂಐ ತಪ್ಪಲ್ಲ. ವೆಗೊವಿಯಲ್ಲಿರೋ ಸೆಮಾಗ್ಲುಟೈಡ್ ನಿಲ್ಲಿಸಿದೋರು ಒಂದು ವರ್ಷದಲ್ಲಿ, ಇಳಿದ ತೂಕದ ಮೂರರಲ್ಲಿ ಎರಡು ಪಾಲು ವಾಪಸ್ ಪಡೆದ್ರು ಅಂತ 2022ರ ಅಧ್ಯಯನ ಹೇಳುತ್ತೆ. ಇಚ್ಛಾಶಕ್ತಿ ನಿಂತ್ರೂ, ಇಂಜೆಕ್ಷನ್ ನಿಂತ್ರೂ ದೇಹ ಮಾಡೋದು ಒಂದೇ ಕೆಲಸ. ಇಷ್ಟರ ಮೇಲೂ ಇದನ್ನ ಬರೀ ಗುಣದ ಪ್ರಶ್ನೆ ಅನ್ನೋದು ಹೇಗೆ?

ನಮ್ಮ ಟೀಮಿನಲ್ಲಿ ಒಬ್ಬ ಇದ್ದಾನೆ. ಎರಡು ವರ್ಷದ ಕೆಳಗೆ 22 ಕಿಲೋ ಇಳಿಸಿದಾಗ ಟೌನ್‌ಹಾಲ್ ಮೀಟಿಂಗಲ್ಲಿ ನಿಲ್ಲಿಸಿ ಚಪ್ಪಾಳೆ ಹೊಡೆದಿದ್ರು. ಆಮೇಲೆ ಅವರಪ್ಪನ ಆಪರೇಷನ್ನು, ಆಸ್ಪತ್ರೆ ಓಡಾಟ, ಕ್ಯಾಂಟೀನ್ ಊಟ. ಹೆಚ್ಚುಕಮ್ಮಿ ಎಲ್ಲ ವಾಪಸ್ ಬಂದಿದೆ. ಅದಕ್ಕಿಂತ ನನಗೆ ಬೇಜಾರಾಗೋದು ಬೇರೆ ವಿಷಯಕ್ಕೆ. ಅವನೀಗ ನಮ್ಮ ಜೊತೆ ಊಟಕ್ಕೆ ಬರಲ್ಲ. ಡಬ್ಬಿ ಡೆಸ್ಕಲ್ಲೇ ತೆಗೀತಾನೆ. ಗ್ರೂಪ್ ಫೋಟೋ ತೆಗೀವಾಗ ಫೋನ್ ಬಂದ ಹಾಗೆ ಎದ್ದು ಹೋಗ್ತಾನೆ. ಅಂದು ಹೊಡೆದ ಚಪ್ಪಾಳೆಯೇ ಇವತ್ತು ಅವನ ಬೆನ್ನು ಹತ್ತಿದೆ. ಅವತ್ತು ಅಷ್ಟು ಜೋರಾಗಿ ಹೊಗಳಿದ್ರಿಂದಲೇ, ಇವತ್ತು ಯಾರೂ ಏನೂ ಅನ್ನದೇ ಇದ್ರೂ ಅವನಿಗೆ ಬೈಗುಳ ಕೇಳಿಸ್ತಿದೆ.

ಹಾಗಾದ್ರೆ ಹೊಗಳಲೇಬಾರದಾ? ನನ್ನ ಪ್ರಕಾರ ಹೊಗಳಿಕೆಯ ಜಾಗ ಬದಲಾಗಬೇಕು. ಸಂಖ್ಯೆಯನ್ನ ಹೊಗಳಿದ್ರೆ ಸಂಖ್ಯೆ ಏರಿದ ದಿನ ಮನುಷ್ಯನ ಬೆಲೆ ಇಳಿಯುತ್ತೆ. "ದಿನಾ ಬೆಳಿಗ್ಗೆ ಎದ್ದು ನಡೀತೀಯಲ್ಲ, ಹೇಗೆ ಸಾಧ್ಯ ಆಗುತ್ತೆ?" ಅಂತ ಕೇಳಿದ್ರೆ ಆ ಮಾತು ಮೂರನೇ ವರ್ಷಕ್ಕೂ ಹಳಸಲ್ಲ. ಅರ್ಧಕ್ಕೆ ಬಿಟ್ಟು ಮತ್ತೆ ಶುರು ಮಾಡಿದೋನಿಗೂ ಸಲ್ಲುತ್ತೆ. ಹಬ್ಬದ ಊಟದಲ್ಲಿ ಯಾರಾದ್ರೂ ಎರಡನೇ ಹೋಳಿಗೆ ಬೇಡ ಅಂದ್ರೆ "ಒಂದಿನ ತಿಂದ್ರೆ ಏನಾಗುತ್ತೆ" ಅನ್ನೋ ಬದಲು ತಟ್ಟೆಗೆ ಕೋಸಂಬರಿ ಹಾಕಬಹುದು. ಅವರು ಹೊರ್ತಿರೋ ಭಾರ ಅಷ್ಟರಮಟ್ಟಿಗೆ ಹಗುರ.

ಆ ಗೆಳೆಯನಿಗೆ ತೂಕದ ಬಗ್ಗೆ ನಾನೇನೂ ಹೇಳೋಕೆ ಹೋಗಿಲ್ಲ. ದಿನಾ ಒಂದು ಗಂಟೆಗೆ ಅವನ ಡೆಸ್ಕ್ ಹತ್ರ ನಿಂತು "ಬಾರೋ ಊಟಕ್ಕೆ" ಅಂತ ಕರೀತೀನಿ. ಹೆಚ್ಚಿನ ದಿನ ಕೆಲಸ ಇದೆ ಅಂತಾನೆ. ಹೋದ ಗುರುವಾರ ಬಂದ.