ತುಂಬಿದ ಡ್ರೈವೂ ಪರಿಗ್ರಹ ಪರಿಮಾಣವೂ

ಶ್ರಾವಕನ ಅಣುವ್ರತಗಳಲ್ಲಿ ಐದನೆಯದಾದ ಪರಿಗ್ರಹ ಪರಿಮಾಣವನ್ನು ಕುರಿತು ಮಾತು ಬಂದಾಗ ಹೊಲ, ಮನೆ, ಬೆಳ್ಳಿ, ಬಂಗಾರ, ಧನಧಾನ್ಯ, ಬಟ್ಟೆಪಾತ್ರೆಗಳ ಲೆಕ್ಕವನ್ನು ಎಲ್ಲರೂ ಮಾಡುವರು. ಮನೆಯ ಕಂಪ್ಯೂಟರಿನ ಡ್ರೈವಿನಲ್ಲಿ ಕೂಡಿಟ್ಟುದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದಕ್ಕೆ ತೂಕವಿಲ್ಲ, ಅದು ಕೋಣೆಯನ್ನು ಆಕ್ರಮಿಸುವುದಿಲ್ಲ. 1956ರಲ್ಲಿ ಐಬಿಎಂ ಸಂಸ್ಥೆಯು ಹೊರತಂದ ರಾಮಾಕ್ ಎಂಬ ಯಂತ್ರದಲ್ಲಿ ಸುಮಾರು 50 ಲಕ್ಷ ಅಕ್ಷರಗಳನ್ನಿಡಲು 50 ದೊಡ್ಡ ತಟ್ಟೆಗಳು ಬೇಕಾಗಿದ್ದುವು. ಆಗ ಏನನ್ನು ಇಡಬೇಕೆಂದು ಯೋಚಿಸಿಯೇ ಇಡುತ್ತಿದ್ದರು. ಈಗ ಯೋಚನೆಯ ಅಗತ್ಯವೇ ತೋರುವುದಿಲ್ಲ. ಆದರೆ ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪರಿಗ್ರಹವನ್ನು ವಸ್ತುವಿನ ತೂಕದಿಂದ ಅಳೆಯಲಿಲ್ಲ. ಮೂರ್ಛೆಯಿಂದ, ಅಂದರೆ ‘ಇದು ನನ್ನದು’ ಎಂಬ ಮಮತ್ವದಿಂದ ಅಳೆದಿರುವರು.

ಒಂದು ಶ್ರಾವಕರ ಮನೆಯನ್ನು ನೋಡೋಣ. ಅಲ್ಲಿಯ ಕಂಪ್ಯೂಟರಿನದು 256 ಜಿಬಿಯ ಎಸ್‌ಎಸ್‌ಡಿ. ಪರದೆಯ ಮೇಲೆ ಅದು ಸುಮಾರು 238 ಎಂದು ಕಾಣುವುದು. ತಯಾರಕರು ಸಾವಿರದ ಲೆಕ್ಕದಲ್ಲಿಯೂ ವಿಂಡೋಸ್ 1024ರ ಲೆಕ್ಕದಲ್ಲಿಯೂ ಎಣಿಸುವುದರಿಂದ ಈ ಅಂತರವೇ ಹೊರತು ಮೋಸವಲ್ಲ. ಅದರಲ್ಲಿ 9 ಜಿಬಿ ಮಾತ್ರ ಉಳಿದು, ಸಿ ಡ್ರೈವಿನ ಪಟ್ಟಿ ಕೆಂಪಾಯಿತು. ಯಂತ್ರ ನಿಧಾನವಾಯಿತು. ಇದಕ್ಕೆ ಕಾರಣವುಂಟು. ಎಸ್‌ಎಸ್‌ಡಿಯು ಹಳೆಯ ಬರಹದ ಮೇಲೆ ನೇರವಾಗಿ ಹೊಸದನ್ನು ಬರೆಯಲಾರದು. ಒಂದು ಭಾಗದಲ್ಲಿ ಉಳಿಯಬೇಕಾದುದನ್ನು ಬೇರೆಡೆಗೆ ಸಾಗಿಸಿ, ಆ ಭಾಗವನ್ನೆಲ್ಲ ಒರೆಸಿ, ಬಳಿಕವೇ ಬರೆಯಬೇಕು. ತೆರಪು ಕಡಿಮೆಯಾದಷ್ಟೂ ಈ ಸಾಗಾಟ ಹೆಚ್ಚುವುದು.

“ಒಂದು ಟಿಬಿಯ ಹೊಸ ಡ್ರೈವ್ ತಂದುಬಿಡೋಣ, ಅಪ್ಪಾಜಿ” ಎಂದನು ಮಗ. ವ್ರತಧಾರಿಯಾದ ತಂದೆ ಕೂಡಲೆ ಒಪ್ಪಲಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತದ ಅತಿಚಾರಗಳನ್ನು ಹೇಳುವಾಗ ಅತಿಸಂಗ್ರಹ, ಅತಿಭಾರವಹನಗಳನ್ನು ಎಣಿಸಿರುವರು. ಉದ್ಯೋಗಕ್ಕೆ ಬೇಕಾದವನು ದೊಡ್ಡ ಡ್ರೈವನ್ನು ಕೊಳ್ಳಲಿ, ದೋಷವಿಲ್ಲ. ಒಳಗೇನಿದೆಯೆಂದು ನೋಡಲು ಬೇಸರಪಟ್ಟು ಕಣಜವನ್ನು ಹಿರಿದು ಮಾಡುವುದು ಬೇರೆಯ ಮಾತು.

ಕೊನೆಗೆ ನೋಡಲು ಕುಳಿತರು. ಸೆಟ್ಟಿಂಗ್ಸ್‌ನ ಸ್ಟೋರೇಜ್ ವಿಭಾಗದಲ್ಲಿ ತಾತ್ಕಾಲಿಕ ಕಡತಗಳೂ ವಿಂಡೋಸಿನ ಹಿಂದಿನ ಆವೃತ್ತಿಯೂ ಸಿಕ್ಕುವುವು. ಹಳೆಯ ಆವೃತ್ತಿಗೆ ಮರಳುವ ವಿಚಾರವಿಲ್ಲದಿದ್ದರೆ ಇವನ್ನು ಅಳಿಸಲು ಚರ್ಚೆ ಬೇಡ. ಆದರೆ ಅದೇ ಪಟ್ಟಿಯಲ್ಲಿ ‘ಡೌನ್‌ಲೋಡ್ಸ್’ ಎಂಬುದೂ ಇರುವುದು. ಅದು ಮನೆಯವರದೇ ಕಡತಗಳ ಗಂಟು. ಅವಸರದಲ್ಲಿ ಗುರುತು ಹಾಕಿದರೆ ಬೇಕಾದುದೂ ಹೋಗುವುದು. ಬಳಿಕ ಮಗನು ವಾಟ್ಸಾಪಿನ ಶುಭೋದಯದ ಚಿತ್ರಗಳನ್ನೂ ನಗೆಯ ತುಣುಕುಗಳನ್ನೂ 6 ಜಿಬಿಯಷ್ಟು ಅಳಿಸಿದನು. ಆದರೂ ತೆರಪು ಹೆಚ್ಚಲಿಲ್ಲ! ಅವೆಲ್ಲವೂ ರೀಸೈಕಲ್ ಬಿನ್ನಿನಲ್ಲಿದ್ದುವು. ಉಪವಾಸದ ದಿನ ಪಾರಣೆಯ ಭಕ್ಷ್ಯಗಳನ್ನೇ ಚಿಂತಿಸುವವನ ತ್ಯಾಗವೂ ಇಂತಹುದೇ. ಬುಟ್ಟಿಯನ್ನು ಬರಿದು ಮಾಡಿದ ಮೇಲೆಯೇ ಜಾಗ ಬಿಟ್ಟಿತು.

ಮರುವಾರ ಮತ್ತೆ 2 ಜಿಬಿ ತುಂಬಿತು. ಆಸ್ರವವನ್ನು ತಡೆಯದೆ ನಿರ್ಜರೆಗೆ ಹೊರಟರೆ ತೂತಿನ ದೋಣಿಯಿಂದ ನೀರು ಮೊಗೆದಂತೆಯೇ ಸರಿ. ಬಂದುದೆಲ್ಲವೂ ತಾನಾಗಿ ಇಳಿದುಕೊಳ್ಳುವ ವಾಟ್ಸಾಪಿನ ಏರ್ಪಾಡನ್ನು ಮೊದಲು ನಿಲ್ಲಿಸಬೇಕಾಗಿತ್ತು. ಇದು ಸಂವರ. ಆಮೇಲೆ ನಿಲ್ಲಿಸಿದರು.

ಇನ್ನೂ ಜಾಗ ಬೇಕೆಂದು ಮಗನು ಕಡತಗಳನ್ನು ಗಾತ್ರದ ಕ್ರಮದಲ್ಲಿ ಜೋಡಿಸಿದನು. ಮೊದಲ ನಾಲ್ಕು ಬಲು ದೊಡ್ಡವು, ಅಂಕಿಗಳೇ ಹೆಸರು. ಒಟ್ಟಾಗಿ ಆರಿಸಿ ಅಳಿಸುವ ಕೀಲಿಯ ಮೇಲೆ ಬೆರಳಿಟ್ಟಾಗ ತಂದೆ ತಡೆದು, ಒಂದನ್ನು ತೆರೆಯಿಸಿದರು. ದಿವಂಗತರಾದ ಅಜ್ಜನವರು ಚಾತುರ್ಮಾಸದಲ್ಲಿ ಮನೆಯವರಿಗೆ ಸ್ವಾಧ್ಯಾಯ ಹೇಳುತ್ತಿದ್ದ ದೃಶ್ಯವದು! ಬೇರೆ ಪ್ರತಿಯೇ ಇರಲಿಲ್ಲ. ಗಾತ್ರವು ಭಾರವನ್ನು ಹೇಳುವುದು, ಬೆಲೆಯನ್ನು ಹೇಳುವುದಿಲ್ಲ. ಮುನಿಗಳು ಕಮಂಡಲವನ್ನು ಎತ್ತುವಾಗ ಇಡುವಾಗ, ಮಲಮೂತ್ರವನ್ನು ವಿಸರ್ಜಿಸುವಾಗ ಕೂಡ ಜಾಗವನ್ನು ನೋಡಿ, ಶೋಧಿಸಿ ನಡೆದುಕೊಳ್ಳುವರು. ಆದಾನನಿಕ್ಷೇಪಣ, ಪ್ರತಿಷ್ಠಾಪನ ಎಂಬ ಆ ಸಮಿತಿಗಳು ಮಹಾವ್ರತಿಗಳವು. ಗೃಹಸ್ಥನು ಅವುಗಳ ಛಾಯೆಯನ್ನಾದರೂ ಹಿಡಿಯಬಹುದು. ಹೊರಗಿನ ಡ್ರೈವಿಗೆ ಪ್ರತಿ ಮಾಡಿ, ಆ ಪ್ರತಿಯನ್ನು ತೆರೆದು ಕೊನೆಯವರೆಗೆ ಕೇಳಿದ ಮೇಲೆಯೇ ಮೂಲವನ್ನು ಅಳಿಸುವುದು ಕ್ರಮ. ಆದರೆ ಹೊರಗಿನ ಡ್ರೈವೂ ಕೆಡುವಂಥದೇ. ಒಂದೇ ಪ್ರತಿಯನ್ನು ನಂಬುವಂತಿಲ್ಲ.

ಹಾಗಾದರೆ ಎರಡು ಪ್ರತಿ ಮಾಡುವುದೇ ಪರಿಗ್ರಹವಲ್ಲವೇ ಎಂದು ಯಾರಾದರೂ ಕೇಳಬಹುದು. ಹತ್ತನೆಯ ಶತಮಾನದ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿದಳು. ಆದರೆ ತನ್ನ ಪೆಟ್ಟಿಗೆಯಲ್ಲಿಟ್ಟುಕೊಳ್ಳಲಿಲ್ಲ, ಹಂಚಿದಳು. ಒಂದೇ ಮದುವೆಯ ಚಿತ್ರಗಳು ಮೂರು ಫೋನುಗಳಿಂದ ಮೂರು ಬಾರಿ ಬಂದು ಅದೇ ಡ್ರೈವಿನಲ್ಲಿ ಕುಳಿತರೆ ಅದು ಸಂಗ್ರಹ. ಇನ್ನೊಬ್ಬರ ಕೈಗೆ ಸೇರಿದ ಪ್ರತಿಯಾದರೋ ಶಾಸ್ತ್ರದಾನದ ದಾರಿಯಲ್ಲಿರುವುದು. ಅಜ್ಜನವರ ನಾಲ್ಕು ಕಡತಗಳ ಎರಡನೆಯ ಪ್ರತಿಯು ದಶಲಕ್ಷಣ ಪರ್ವದ ಎಂಟನೆಯ ದಿನ, ಉತ್ತಮ ತ್ಯಾಗದಂದು, ಪರಊರಿನ ಅತ್ತೆಯ ಮನೆ ಸೇರಿತು. ಸಿ ಡ್ರೈವಿನಲ್ಲಿ 50 ಜಿಬಿಯಾದರೂ ಸದಾ ಬರಿದಾಗಿರಬೇಕೆಂದು ತಂದೆ ನಿಯಮ ತೆಗೆದುಕೊಂಡರು. ಮದುವೆಯ ಚಿತ್ರಗಳ ಮೂರು ಪ್ರತಿಗಳಲ್ಲಿ ಯಾವ ಎರಡನ್ನು ಅಳಿಸಬೇಕೆಂಬುದು ಮಾತ್ರ ಆ ಮನೆಯ ತಾಯಿ ಮಕ್ಕಳಲ್ಲಿ ಇನ್ನೂ ತೀರ್ಮಾನವಾಗಿಲ್ಲ.