ಇಂದಿನ ಧಮ್ಮ ಚಿಂತನೆ: ದಿನಸಿ ಚೀಟಿ ಮತ್ತು ತಕ್ಕಡಿ





ತಿಂಗಳ ಮೊದಲ ವಾರ ಹೆಚ್ಚಿನ ಮನೆಗಳಲ್ಲಿ ದಿನಸಿ ತರುವ ವಾರ. ಅಕ್ಕಿ, ಬೇಳೆ, ಎಣ್ಣೆ, ಸೋಪು ಎಂದು ಲೆಕ್ಕ ಹಾಕುತ್ತಾ ಹೋದಂತೆ ತಿಂಗಳ ಕೊನೆಗೆ ಏನು ಉಳಿಯುತ್ತದೆ ಎಂಬ ಚಿಂತೆ ಶುರುವಾಗುತ್ತದೆ. ಇದಕ್ಕೂ ಧಮ್ಮಕ್ಕೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಭಗವಾನ್ ಬುದ್ಧರು ಈ ವಿಷಯವನ್ನು ನೇರವಾಗಿಯೇ ಮಾತಾಡಿದ್ದಾರೆ.

ಅಂಗುತ್ತರ ನಿಕಾಯದಲ್ಲಿ ದೀಘಜಾಣು ಎಂಬ ಕೋಲಿಯ ಗೃಹಸ್ಥನ ಪ್ರಸಂಗ ಬರುತ್ತದೆ. ಬುದ್ಧರು ಕಕ್ಕರಪತ್ತ ಎಂಬ ಊರಿನಲ್ಲಿದ್ದಾಗ ಆತ ಬಂದು, ನಾವು ಮಕ್ಕಳು ಮರಿಗಳೊಂದಿಗೆ ಸಂಸಾರ ಮಾಡುವವರು, ಬೆಳ್ಳಿ ಬಂಗಾರ ಮುಟ್ಟುವವರು, ನಮ್ಮಂಥವರಿಗೆ ಹಿತವಾಗುವುದನ್ನು ತಿಳಿಸಿ ಎಂದು ಬೇಡಿಕೊಂಡ. ಬುದ್ಧರು ಅವನಿಗೆ ಮನೆ ಬಿಟ್ಟು ಬಾ ಎನ್ನಲಿಲ್ಲ. ಈ ಬದುಕಿಗೆ ಬೇಕಾದ ನಾಲ್ಕು ಗುಣಗಳನ್ನು ಹೇಳಿದರು: ಶ್ರದ್ಧೆಯಿಂದ ದುಡಿಯುವುದು, ದುಡಿದದ್ದನ್ನು ಕಾಪಾಡುವುದು, ಒಳ್ಳೆಯವರ ಸ್ನೇಹ ಮತ್ತು *ಸಮಜೀವಿತಾ*, ಅಂದರೆ ಸಮತೂಕದ ಬದುಕು.

ಈ ನಾಲ್ಕನೆಯದಕ್ಕೆ ಅವರು ಕೊಟ್ಟ ಹೋಲಿಕೆ ತಕ್ಕಡಿಯದು. ತಕ್ಕಡಿ ಹಿಡಿದವನಿಗೆ ಎಷ್ಟು ಇಳಿಯಿತು, ಎಷ್ಟು ಏರಿತು ಎಂಬುದು ಕಣ್ಣಳತೆಯಲ್ಲೇ ತಿಳಿಯುತ್ತದೆ. ಹಾಗೆಯೇ ಗೃಹಸ್ಥ ತನ್ನ ಆದಾಯ ಮತ್ತು ಖರ್ಚನ್ನು ತಿಳಿದಿರಬೇಕು. ಸ್ವಲ್ಪ ದುಡಿದು ಅದ್ದೂರಿಯಾಗಿ ಬದುಕುವವನನ್ನು ಅವರು ಅತ್ತಿಹಣ್ಣು ತಿನ್ನುವವನಿಗೆ ಹೋಲಿಸಿದರು. ಮರ ಅಲುಗಾಡಿಸಿ ರಾಶಿ ಹಣ್ಣು ಉದುರಿಸಿ, ನಾಲ್ಕು ತಿಂದು ಉಳಿದದ್ದನ್ನು ಬಿಟ್ಟು ಹೋಗುವವನು ಎಂದು ಅಟ್ಠಕಥೆ ಇದನ್ನು ವಿವರಿಸುತ್ತದೆ. ಚೆನ್ನಾಗಿ ದುಡಿದೂ ಹೊಟ್ಟೆ ಕಟ್ಟಿ ಬದುಕುವವನನ್ನೂ ಬುದ್ಧರು ಒಪ್ಪಲಿಲ್ಲ. ದುಂದು ಒಂದು ತುದಿಯಾದರೆ ಜಿಪುಣತನ ಇನ್ನೊಂದು ತುದಿ.

ಇಂದು ನಾವು ಮರ ಅಲುಗಾಡಿಸುವುದು ಹೇಗೆ? ಸೂಪರ್ ಮಾರ್ಕೆಟ್‌ಗೆ ಬೇಳೆ ತರಲು ಹೋಗುತ್ತೇವೆ. ಕಣ್ಣಿಗೆ ಬಣ್ಣದ ಪ್ಯಾಕೆಟ್ ಬೀಳುತ್ತದೆ, ಅದು ಫಸ್ಸ. ಹಿತ ಎನಿಸುತ್ತದೆ, ಅದು ವೇದನಾ. ಬೇಕು ಎನಿಸುತ್ತದೆ, ಅದು ತಣ್ಹಾ. ಕೈ ಚಾಚಿ ಬುಟ್ಟಿಗೆ ಹಾಕಿಕೊಳ್ಳುತ್ತೇವೆ, ಅದು ಉಪಾದಾನ. ಪಟಿಚ್ಚಸಮುಪ್ಪಾದದ ಈ ಕೊಂಡಿಗಳು ಅರ್ಧ ನಿಮಿಷದಲ್ಲಿ ಮುಗಿದಿರುತ್ತವೆ. ಹಿತ ಎನಿಸುವುದನ್ನು ತಡೆಯಲಾಗದು. ಆದರೆ ವೇದನಾ ಮತ್ತು ತಣ್ಹಾ ಇವುಗಳ ನಡುವೆ ಸತಿ, ಅಂದರೆ ಎಚ್ಚರ, ನಿಲ್ಲಬಲ್ಲದು.

ಆ ಎಚ್ಚರಕ್ಕೆ ಕೆಲವು ಸರಳ ದಾರಿಗಳು:

🔸 ಹೊರಡುವ ಮುನ್ನ ಡಬ್ಬಿಗಳನ್ನು ತೆರೆದು ನೋಡಿ, ಆಮೇಲೆ ಚೀಟಿ ಬರೆಯಿರಿ. ಚೀಟಿಯಲ್ಲಿ ಇಲ್ಲದ್ದು ಕಣ್ಣಿಗೆ ಬಿದ್ದರೆ ಮುಂದಿನ ಚೀಟಿಗೆ ಬರೆದಿಟ್ಟುಕೊಳ್ಳಿ. ಒಂದು ವಾರದ ನಂತರವೂ ಬೇಕೆನಿಸಿದರೆ ತರಬಹುದು.

🔸 ಹಸಿದ ಹೊಟ್ಟೆಯಲ್ಲಿ ಅಂಗಡಿಗೆ ಹೋಗಬೇಡಿ.

🔸 ದೊಡ್ಡ ಪ್ಯಾಕೆಟ್ ಯಾವಾಗಲೂ ಅಗ್ಗವಲ್ಲ. 200 ಗ್ರಾಂಗೆ 50 ರೂ., 500 ಗ್ರಾಂಗೆ 140 ರೂ. ಎಂದುಕೊಳ್ಳಿ. ನೂರು ಗ್ರಾಂಗೆ ಚಿಕ್ಕದರಲ್ಲಿ 25 ರೂ., ದೊಡ್ಡದರಲ್ಲಿ 28 ರೂ. ಆಗುತ್ತದೆ. ಲೀಟರ್‌ನಂತೆ ಕಾಣುವ ಎಣ್ಣೆ ಪ್ಯಾಕೆಟ್‌ನಲ್ಲೂ ನಿಜವಾಗಿ ಎಷ್ಟು ಮಿಲಿಲೀಟರ್ ಇದೆ ಎಂದು ಓದಿ ನೋಡಿ.

🔸 ಎಂಆರ್‌ಪಿ ಎಂಬುದು ಗರಿಷ್ಠ ಬೆಲೆ. ಅದಕ್ಕಿಂತ ಕಡಿಮೆಗೂ ಮಾರಬಹುದು. ಎರಡು ಅಂಗಡಿ ವಿಚಾರಿಸುವುದರಲ್ಲಿ ಅವಮಾನವಿಲ್ಲ.

🔸 ಪಡಿತರದ ಅಕ್ಕಿ ತಿನ್ನಲು ನಾಚಿಕೆಪಟ್ಟು ಅದನ್ನು ಮಾರಿ, ದುಬಾರಿ ಅಕ್ಕಿ ತರುವ ಮನೆಗಳಿವೆ. ಆ ನಾಚಿಕೆ ಹೊಟ್ಟೆಯದಲ್ಲ, ಮಾನದ್ದು. ಧಮ್ಮದಲ್ಲಿ ಮಾನ ಎಂದರೆ ಕಳಚಬೇಕಾದ ಒಂದು ಬಂಧನ. ಪಡಿತರ ಮಾರುವುದು ಕಾನೂನಿಗೂ ವಿರುದ್ಧ.

🔸 ದಿನಗೂಲಿಯವರಿಗೆ ಒಮ್ಮೆಗೇ ಮೂಟೆ ತರಲು ಹಣ ಇರುವುದಿಲ್ಲ. ಕಾಲು ಕಿಲೋ, ಅರ್ಧ ಕಿಲೋ ತಂದು ಹೆಚ್ಚು ಬೆಲೆ ತೆರುತ್ತಾರೆ. ನಾಲ್ಕು ಮನೆಯವರು ಸೇರಿ ಒಂದು ಮೂಟೆ ತಂದು ಹಂಚಿಕೊಳ್ಳಬಹುದು. ಕಲ್ಯಾಣಮಿತ್ರತ್ವ ಅಕ್ಕಿ ಮೂಟೆಯಲ್ಲೂ ಕಾಣಬೇಕು.

ತಂದದ್ದು ಹಾಳಾಗದಂತೆ ನೋಡುವುದೂ ಉಳಿತಾಯವೇ. ವಿನಯ ಪಿಟಕದಲ್ಲಿ ರಾಜ ಉದೇನ, ಇಷ್ಟೊಂದು ಚೀವರಗಳನ್ನು ಏನು ಮಾಡುತ್ತೀರಿ ಎಂದು ಆನಂದರನ್ನು ಕೇಳುತ್ತಾನೆ. ಹರಿದ ಚೀವರ ಹೊಂದಿರುವ ಭಿಕ್ಖುಗಳಿಗೆ ಕೊಡುತ್ತೇವೆ ಎನ್ನುತ್ತಾರೆ ಆನಂದರು. ಹಳೆಯದು ಹಾಸಿಗೆಯ ಹೊದಿಕೆಯಾಗುತ್ತದೆ, ಮುಂದೆ ನೆಲಹಾಸು, ಕಾಲೊರೆಸುವ ಬಟ್ಟೆ, ಕೊನೆಗೆ ಚೂರಾಗಿ ಮಣ್ಣಿನೊಂದಿಗೆ ಕಲಸಿ ನೆಲಕ್ಕೆ ಮೆತ್ತುವ ಗಾರೆಯಾಗುತ್ತದೆ. ನಮ್ಮ ಅಜ್ಜಿಯರು ಬೇಳೆ, ಸೊಪ್ಪು ಬಸಿದ ನೀರನ್ನು ಬಸ್ಸಾರು ಮಾಡಿದ್ದು, ಹೀರೇಕಾಯಿ ಸಿಪ್ಪೆಯನ್ನು ಚಟ್ನಿ ಮಾಡಿದ್ದು, ರಾತ್ರಿ ಉಳಿದ ಅನ್ನವನ್ನು ಚಿತ್ರಾನ್ನ ಮಾಡಿದ್ದು ಇದೇ ವಿವೇಕದಿಂದ.

ಒಂದೇ ದಿನದಲ್ಲಿ ಎಲ್ಲವನ್ನೂ ಬದಲಿಸಲು ಹೋಗಬೇಡಿ. ಕೋಸಲದ ರಾಜ ಪಸೇನದಿ ಒಂದು ದೋಣ ಅಳತೆಯ ಅನ್ನ ಉಂಡು ಏದುಸಿರು ಬಿಡುತ್ತಿದ್ದ. ಮಿತವಾಗಿ ಉಣ್ಣುವ ಬಗ್ಗೆ ಬುದ್ಧರು ಹೇಳಿದ ಗಾಥೆಯನ್ನು ಪ್ರತಿ ಊಟದ ಹೊತ್ತಿಗೆ ಹೇಳಲು ಸುದಸ್ಸನ ಎಂಬ ತರುಣನನ್ನು ನೇಮಿಸಿದ. ಕ್ರಮೇಣ ಒಂದು ನಾಳಿ ಅಳತೆಗೆ ಬಂದು ಹಗುರಾದ. ರಾಜನಿಗೇ ನೆನಪಿಸುವವರು ಬೇಕಾಯಿತು. ನಮ್ಮ ಮನೆಯಲ್ಲೂ ಒಬ್ಬರು ಇನ್ನೊಬ್ಬರಿಗೆ ಮೆಲ್ಲಗೆ ನೆನಪಿಸಲಿ, ಗದರುವುದು ಬೇಡ.

ಕೊನೆಯದಾಗಿ ಮುಖ್ಯ ಮಾತು. *ನಮ್ಮ ಉಳಿತಾಯ ಯಾರ ತಟ್ಟೆಯಿಂದ ಬರುತ್ತಿದೆ?* ಮಾಲ್‌ನಲ್ಲಿ ಮಾತಿಲ್ಲದೆ ಬಿಲ್ ಕಟ್ಟುವ ನಾವು, ಬಿಸಿಲಲ್ಲಿ ಕೂತ ಸೊಪ್ಪಿನ ಅಮ್ಮನ ಹತ್ತಿರ ಐದು ರೂಪಾಯಿಗೆ ಚೌಕಾಸಿ ಮಾಡುತ್ತೇವೆ. ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವಳ ಪಾಲಿನ ಹಾಲು, ಮೊಟ್ಟೆ, ಸಾರು ಮೊದಲು ಕಡಿಮೆಯಾಗುತ್ತದೆ. ಗಂಡನ ಸಿಗರೇಟು ಮಾತ್ರ ಹಾಗೇ ಇರುತ್ತದೆ. ಇದು ಸಮಜೀವಿತಾ ಅಲ್ಲ, ತಕ್ಕಡಿ ಒಂದೇ ಕಡೆ ವಾಲಿದೆ. ಕಡಿಮೆಯಾಗಬೇಕಾದದ್ದು ತಣ್ಹಾ, ಪೌಷ್ಟಿಕತೆ ಅಲ್ಲ.

ಬುದ್ಧರು ಅನಾಥಪಿಂಡಿಕನಿಗೆ ಗೃಹಸ್ಥನ ನಾಲ್ಕು ಸುಖಗಳನ್ನು ಹೇಳಿದರು: ಧರ್ಮಮಾರ್ಗದಲ್ಲಿ ಗಳಿಸಿದ ಸಂಪತ್ತು ಇರುವ ಸುಖ, ಅದನ್ನು ಅನುಭವಿಸುತ್ತಾ ಪುಣ್ಯಕಾರ್ಯ ಮಾಡುವ ಸುಖ, ಸಾಲವಿಲ್ಲದ ಸುಖ, ದೋಷವಿಲ್ಲದ ನಡತೆಯ ಸುಖ. ಅಂಗಡಿಯ ಉದ್ರಿ ಪುಸ್ತಕದಲ್ಲಿ ನಮ್ಮ ಹೆಸರಿನ ಮುಂದಿನ ಬಾಕಿ ತೀರಿದ ದಿನ ಮೂರನೆಯ ಸುಖ ಏನೆಂದು ತಿಳಿಯುತ್ತದೆ. ಯಾರ ಪಾಲನ್ನೂ ಕಸಿಯದೆ ತೀರಿಸಿದ್ದರೆ ನಾಲ್ಕನೆಯದೂ ಜೊತೆಗಿರುತ್ತದೆ. ಮೊದಲ ಮೂರು ಸುಖಗಳು ಸೇರಿದರೂ ಈ ನಾಲ್ಕನೆಯದರ ಹದಿನಾರನೇ ಒಂದು ಪಾಲಿಗೂ ಸಾಟಿಯಾಗವು ಎಂದು ಬುದ್ಧರು ತಿಳಿಸಿದ್ದಾರೆ.

*ಈ ವಾರದ ಅಭ್ಯಾಸ:* ಚೀಟಿ ಬರೆಯುವಾಗ ಮನೆಯವರೆಲ್ಲ ಜೊತೆಗೆ ಕೂರಿ. ಬೇಡದ ಒಂದೇ ಒಂದು ವಸ್ತು ಬಿಡಿ. ಉಳಿದ ಹಣದಲ್ಲಿ ಸ್ವಲ್ಪ ಸಾಲಕ್ಕೆ, ಸ್ವಲ್ಪ ಆಪತ್ಕಾಲಕ್ಕೆ, ಒಂದು ಹಿಡಿಯಷ್ಟು ದಾನಕ್ಕೆ ಎತ್ತಿಡಿ.

ಎಲ್ಲರ ಮನೆಯ ಒಲೆಯೂ ಉರಿಯಲಿ, ಎಲ್ಲರಿಗೂ ಮಂಗಳವಾಗಲಿ.

ಸಾಧು, ಸಾಧು, ಸಾಧು 🙏
ಜೈಭೀಮ್